ಬಾಗಿಲಿಗೊಂದು ಹಣ: ಮನೆ ತೆರಿಗೆ ಮತ್ತು ಜನಾಭಿಪ್ರಾಯದ ಚರಿತ್ರೆ

ತೆರಿಗೆಯ ಚರಿತ್ರೆಯನ್ನು ನಮಗೆ ಬಹುಮಟ್ಟಿಗೆ ಬರೆದಿಟ್ಟವರು ತೆರಿಗೆ ಹಾಕಿದವರೇ. ಶಾಸನಗಳಲ್ಲಿ ಅರಸನ ಅಪ್ಪಣೆಯಿದೆ, ಸುಂಕದ ಅಧಿಕಾರಿಯ ಹೆಸರಿದೆ, ಬಿಟ್ಟುಕೊಟ್ಟ ಆಯದ ಪಟ್ಟಿಯಿದೆ. ಬ್ರಿಟಿಷರ ಕಾಲದ ಕಡತಗಳಲ್ಲಿ ಕಲೆಕ್ಟರನ ವರದಿಯಿದೆ, ಬಾಕಿಯ ಲೆಕ್ಕವಿದೆ. ಆದರೆ ತೆರಿಗೆ ತೆತ್ತವನು ಏನೆಂದುಕೊಂಡ? ತನ್ನ ಮನೆಯ ಮೇಲೆ ಬಿದ್ದ ಹೊರೆಯನ್ನು ಅವನು ನ್ಯಾಯವೆಂದು ತಿಳಿದನೇ, ಅನ್ಯಾಯವೆಂದು ತಿಳಿದನೇ? ಕೊಟ್ಟ ಹಣಕ್ಕೆ ಪ್ರತಿಯಾಗಿ ಊರು ತನಗೆ ಏನನ್ನು ಮಾಡಿಕೊಡಬೇಕೆಂದು ಬಯಸಿದ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಆಕರಗಳು ವಿರಳ. ಅವು ಇರುವುದು ನಾವು ಸಾಮಾನ್ಯವಾಗಿ ಹುಡುಕದ ಮೂರು ಕಡೆಗಳಲ್ಲಿ: ಪದಗಳಲ್ಲಿ, ಬಿನ್ನಹಗಳಲ್ಲಿ ಹಾಗೂ ಜನ ಒಟ್ಟುಗೂಡಿ ಕೊಡುವುದಿಲ್ಲವೆಂದು ಕುಳಿತ ಸಂದರ್ಭಗಳಲ್ಲಿ.

ಮನೆಯ ಮೇಲಿನ ತೆರಿಗೆಯನ್ನೇ ಪ್ರತ್ಯೇಕವಾಗಿ ಎತ್ತಿಕೊಳ್ಳಲು ಕಾರಣವಿದೆ. ಬೆಳೆಯ ಪಾಲನ್ನು ಕೇಳಿದರೆ ರೈತನು ಬೆಳೆದುದರಲ್ಲಿ ಒಂದಂಶವನ್ನು ಕೊಡುತ್ತಾನೆ. ಸರಕಿನ ಮೇಲೆ ಸುಂಕ ಹಾಕಿದರೆ ವರ್ತಕನು ಅದನ್ನು ಬೆಲೆಯೊಳಗೆ ಸೇರಿಸುತ್ತಾನೆ. ವಾಸಿಸುವ ಮನೆಯಾದರೋ ಏನನ್ನೂ ಬೆಳೆಯುವುದಿಲ್ಲ, ಏನನ್ನೂ ಮಾರುವುದಿಲ್ಲ. ಹೀಗಿರುವಾಗ ಅದರ ಮೇಲೆ ತೆರಿಗೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆಗೆ ಒಪ್ಪಬಹುದಾದ ಉತ್ತರ ಒಂದೇ: ಮನೆಯ ಹೊರಗಿನ ಬೀದಿ, ನೀರು, ಚರಂಡಿ, ಕಾವಲು ಇವುಗಳಿಗಾಗಿ. ಆದ್ದರಿಂದ ಮನೆ ತೆರಿಗೆಯ ಕುರಿತ ಜನಾಭಿಪ್ರಾಯವು ಯಾವಾಗಲೂ ಸ್ಥಳೀಯ ಆಡಳಿತದ ಸೇವೆಯ ಕುರಿತ ಅಭಿಪ್ರಾಯವೂ ಆಗಿರುತ್ತದೆ.

ಪದಗಳು ಹೇಳುವ ಸಾಕ್ಷ್ಯ

ಹಳಗನ್ನಡ ಮತ್ತು ನಡುಗನ್ನಡ ಶಾಸನಗಳಲ್ಲಿ ತೆರಿಗೆಯ ಹೆಸರುಗಳು ಹೇರಳವಾಗಿವೆ. ಮನೆದೆರೆ, ಗಾಣದೆರೆ, ಮಗ್ಗದೆರೆ ಮುಂತಾದವು ಯಾವುದರ ಮೇಲೆ ಬಿದ್ದ ತೆರೆಯೆಂಬುದನ್ನು ನೇರವಾಗಿ ಹೇಳುತ್ತವೆ. 'ತೆರು' ಎಂಬ ಧಾತುವಿಗೆ ಕೊಡು, ಸಲ್ಲಿಸು ಎಂಬ ಅರ್ಥ. ಅದರಲ್ಲಿ ದೂರಿನ ಛಾಯೆಯೇನೂ ಇಲ್ಲ. ಆದರೆ ಇನ್ನು ಕೆಲವು ಪದಗಳ ನಡೆ ಕುತೂಹಲಕರ. ಶಾಸನಗಳಲ್ಲಿ 'ಪೆರ್ಜುಂಕ'ದ ಜೊತೆಗೆ 'ಕಿರುಕುಳ' ಎಂಬ ಮಾತು ಬರುತ್ತದೆ. ಮೊದಲನೆಯದು ದೊಡ್ಡ ಸುಂಕ, ಎರಡನೆಯದು ಚಿಲ್ಲರೆ ತೆರಿಗೆಗಳ ಗುಂಪು. ಇಂದಿನ ಕನ್ನಡದಲ್ಲಿ ಕಿರುಕುಳವೆಂದರೆ ಪೀಡೆ, ಕಾಟ. ಸಣ್ಣದು, ಅಲ್ಪವಾದುದು ಎಂಬ ಮೂಲಾರ್ಥದಿಂದಲೇ ಈ ಅರ್ಥವೂ ಬೆಳೆದಿರಬಹುದು. ತೆರಿಗೆಯೊಂದೇ ಇದಕ್ಕೆ ಕಾರಣವೆಂದು ಹೇಳುವುದು ಆತುರದ ಮಾತಾದೀತು. ಆದರೂ ದೊಡ್ಡ ತೆರಿಗೆಗಿಂತ ಮೇಲಿಂದ ಮೇಲೆ ಬರುವ ಸಣ್ಣ ವಸೂಲಿಯೇ ಮನುಷ್ಯನನ್ನು ಹೆಚ್ಚು ಕಾಡುತ್ತದೆ ಎಂಬ ಅನುಭವ ಈ ಎರಡು ಅರ್ಥಗಳನ್ನೂ ಒಂದೇ ಪದದಲ್ಲಿ ಹಿಡಿದಿದೆ.

'ಬಿಟ್ಟಿ'ಯ ಕಥೆಯೂ ಹೀಗೆಯೇ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಪದವು ಪ್ರಭುತ್ವಕ್ಕೆ ಕೂಲಿಯಿಲ್ಲದೆ ಸಲ್ಲಿಸಬೇಕಾದ ದುಡಿಮೆಯನ್ನು ಹೇಳುತ್ತಿತ್ತು. ಈಗ ಅದು ಪುಕ್ಕಟೆ ಎಂದಾಗಿದೆ. ದುಡಿದವನ ಕಡೆಯಿಂದ ನೋಡಿದರೆ ಅನ್ಯಾಯ, ಪಡೆದವನ ಕಡೆಯಿಂದ ನೋಡಿದರೆ ಪುಕ್ಕಟೆ. ಇನ್ನು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಬಲ್ಲದವರಿಲ್ಲ. ತೆರಿಗೆ ಹೆಚ್ಚಾಯಿತೆಂದು ಈ ಗಾದೆ ದೂರುವುದಿಲ್ಲ. ವಸೂಲಿಗೆ ಬಂದವನಿಗೆ ಕಿವಿಯಿಲ್ಲ ಎಂಬುದು ಅದರ ದೂರು. ಹೇಳಿಕೊಳ್ಳಲು ಒಂದು ಜಾಗ ಬೇಕೆಂಬ ಬಯಕೆ ಆ ದೂರಿನ ಒಳಗೇ ಇದೆ.

1368ರ ಶಾಸನ

ಹೇಳಿಕೊಂಡದ್ದನ್ನು ಕೇಳಿಸಿಕೊಂಡ ಒಂದು ಸಂದರ್ಭ ನಮ್ಮ ಶಾಸನಗಳಲ್ಲಿ ಉಳಿದಿದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದಲ್ಲಿರುವ, ಶಕ 1290ರ, ಅಂದರೆ ಕ್ರಿ.ಶ. 1368ರ ಬುಕ್ಕರಾಯನ ಶಾಸನವು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಬಗೆಹರಿಸಿದ ಸಂಗತಿ ಅದರಲ್ಲಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಭವ್ಯಜನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆ ಸಲ್ಲಬೇಕೆಂದ. ಈ ಭಾಗವನ್ನು ನಾವೆಲ್ಲ ಮತ್ತೆ ಮತ್ತೆ ಉದಾಹರಿಸುತ್ತೇವೆ. ಆದರೆ ಶಾಸನ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮುಂದಿನ ಭಾಗ ಒಂದು ಮನೆವಣದ ವ್ಯವಸ್ಥೆ.

ರಾಜ್ಯದೊಳಗಿನ ಜೈನರು ಮನೆಬಾಗಿಲಿನ ಲೆಕ್ಕದಲ್ಲಿ, ಮನೆಮನೆಗೂ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ಹೀಗೆ ಎತ್ತಿದ ಹೊನ್ನಿನಲ್ಲಿ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿ ಸುಣ್ಣ ಬಳಿಸಬೇಕು. ಚಂದ್ರಸೂರ್ಯರಿರುವವರೆಗೂ ಇದು ತಪ್ಪದೆ ನಡೆಯಬೇಕು. ಮೀರಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು.

ಇದನ್ನು ತೆರಿಗೆಯ ದಾಖಲೆಯಾಗಿ ಓದಿದರೆ ಕಾಣುವ ಸಂಗತಿಗಳು ಮೂರು. ಮೊದಲನೆಯದು ಅಳತೆ. ಬಾಗಿಲಿಗೆ ಒಂದು ಹಣ ಎಂಬ ಲೆಕ್ಕ ಎಷ್ಟು ಸರಳವೆಂದರೆ ಓದು ಬರಹ ಬಾರದವನೂ ತನ್ನ ಪಾಲೆಷ್ಟೆಂದು ತಾನೇ ಹೇಳಬಲ್ಲ. ವಸೂಲಿಗೆ ಬಂದವನು ಹೆಚ್ಚು ಕೇಳಿದರೆ ಕೂಡಲೇ ತಿಳಿಯುತ್ತದೆ. ಎರಡನೆಯದು ಫಲ. 20 ಆಳುಗಳನ್ನು ಎಣಿಸಿ ನೋಡಬಹುದು, ಸುಣ್ಣ ಬಳಿದ ಗೋಡೆಯನ್ನು ದಾರಿಯಲ್ಲಿ ಹೋಗುವವರೂ ನೋಡಬಹುದು. ಮೂರನೆಯದು ಹೊಣೆ. ಹಣ ಬೊಕ್ಕಸಕ್ಕೆ ಹೋಗಿ ಕಣ್ಮರೆಯಾಗುವುದಿಲ್ಲ; ತಾತಯ್ಯನೆಂಬ, ಹೆಸರಿರುವ ಒಬ್ಬ ವ್ಯಕ್ತಿ ಅದಕ್ಕೆ ಉತ್ತರ ಹೇಳಬೇಕು. ಇದರ ಪ್ರತಿಯೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿರುವುದರಿಂದ, ಈ ಮೂರೂ ವಿಷಯಗಳು ಒಂದೇ ಊರಿನ ಕಲ್ಲಿನಲ್ಲಿ ಅಡಗಿರಲಿಲ್ಲ, ತೆರುವವರ ಕಣ್ಣೆದುರಿಗೆ ಬೇರೆ ಕಡೆಯೂ ನಿಂತಿದ್ದವು ಎಂದು ತಿಳಿಯುತ್ತದೆ.

ಇಷ್ಟನ್ನು ಹೇಳಿ ಸುಮ್ಮನಾದರೆ ಅದು ಅರ್ಧ ಸತ್ಯವಾಗುತ್ತದೆ. ಈ ಹಣವನ್ನು ಕೊಡಬೇಕಾದವರು ಯಾರು? ಅನ್ಯಾಯವಾಯಿತೆಂದು ಬಿನ್ನಹ ಮಾಡಿದವರೇ. ಪ್ರಜೆಯ ರಕ್ಷಣೆ ಅರಸನ ಕರ್ತವ್ಯವೆಂದಾದರೆ, ರಾಜ್ಯದ ಉಳಿದ ತೆರಿಗೆಗಳನ್ನೂ ಸಲ್ಲಿಸುತ್ತಿದ್ದ ಒಂದು ಸಮುದಾಯ ತನ್ನ ಕಾವಲಿಗೆ ತಾನೇ ಮತ್ತೊಂದು ಹಣ ತೆರಬೇಕಾದುದು ನ್ಯಾಯವೇ? ಶಾಸನವನ್ನು ಸಮನ್ವಯದ ದಾಖಲೆಯೆಂದು ಹೊಗಳುವ ಬರಹಗಳಲ್ಲಿ ಈ ಪ್ರಶ್ನೆ ಅಪರೂಪ. ಕಾವಲಿನ ಹೊಣೆಯನ್ನು ಎದುರು ಪಕ್ಷದ ಹಿರಿಯನಿಗೇ ವಹಿಸಿದ್ದರಲ್ಲಿ ಬುಕ್ಕರಾಯನ ಜಾಣತನವಿದೆ, ನಿಜ. ಆದರೂ ರಕ್ಷಣೆಗೆ ಬೆಲೆ ಕಟ್ಟಲಾಯಿತು, ಆ ಬೆಲೆಯನ್ನು ಒಂದು ಪಕ್ಷ ಮಾತ್ರ ಕೊಟ್ಟಿತು ಎಂಬುದೂ ಅಷ್ಟೇ ನಿಜ. ಇಂದಿಗೂ ಕಾವಲುಗಾರನನ್ನೂ ನೀರಿನ ಟ್ಯಾಂಕರನ್ನೂ ಸ್ವಂತ ಹಣದಿಂದ ತರಿಸಿಕೊಂಡು, ಅದರ ಮೇಲೆ ಮನೆ ಕಂದಾಯವನ್ನೂ ಕಟ್ಟುವ ಬಡಾವಣೆಗಳ ಜನ ಎತ್ತುವ ಪ್ರಶ್ನೆ ಇದೇ.

ಕಾಶಿಯ ಮನೆಗಳು, ಕನ್ನಡ ಜಿಲ್ಲೆಯ ಕೂಟಗಳು

ಅಳತೆ, ಫಲ, ಹೊಣೆ ಈ ಮೂರೂ ಇಲ್ಲದ ಮನೆ ತೆರಿಗೆಯನ್ನು ಜನ ಹೇಗೆ ಎದುರುಗೊಂಡರು ಎಂಬುದಕ್ಕೆ ಕರ್ನಾಟಕದ ಹೊರಗಿನ ಒಂದು ಪ್ರಸಂಗವನ್ನು ನೋಡಬೇಕು. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ 15ನೆಯ ರೆಗ್ಯುಲೇಷನ್ನಿನ ಮೂಲಕ, ಕಲ್ಕತ್ತೆಯಲ್ಲಿದ್ದ ಮನೆ ತೆರಿಗೆಯನ್ನು ಬಂಗಾಳ, ಬಿಹಾರ, ಒರಿಸ್ಸಾ ಮತ್ತು ಬನಾರಸ್ ಪ್ರಾಂತಗಳ ಪಟ್ಟಣಗಳಿಗೆ ವಿಸ್ತರಿಸಿತು. ವಾಸದ ಮನೆಗೆ ವಾರ್ಷಿಕ ಬಾಡಿಗೆಯ ಶೇ. 5, ಅಂಗಡಿಗೆ ಶೇ. 10. ಸ್ವಂತ ಮನೆಯಲ್ಲಿರುವವರಿಗೆ ನೆರೆಯ ಅಂಥದೇ ಮನೆಯ ಬಾಡಿಗೆಯನ್ನು ನೋಡಿ ಲೆಕ್ಕ ಕಟ್ಟಬೇಕೆಂದು ನಿಯಮ. ಸರಕಾರದ ಆದಾಯವನ್ನು ಹೆಚ್ಚಿಸುವುದು ಇದರ ಉದ್ದೇಶವಾಗಿತ್ತೇ ಹೊರತು ಕಾಶಿಯ ಬೀದಿಗಳನ್ನು ಸರಿಪಡಿಸುವುದಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಕಾಶಿಯ ಅಂಗಡಿಗಳು ಮುಚ್ಚಿದವು. ಕಮ್ಮಾರರು ಮೊದಲಾಗಿ ಒಂದೊಂದು ಕಸುಬಿನವರೂ ಕೆಲಸ ನಿಲ್ಲಿಸಿ ಊರ ಹೊರಗಿನ ಬಯಲಿನಲ್ಲಿ ಬಂದು ಕುಳಿತರು. 20 ಸಾವಿರಕ್ಕೂ ಮಿಕ್ಕಿದ ಜನ ಅಲ್ಲಿ ಧರಣಿ ಕುಳಿತಂತೆ ನೆಲೆಸಿದ್ದರೆಂದು ಅಧಿಕಾರಿಗಳೇ ಬರೆದಿದ್ದಾರೆ. ಶವಸಂಸ್ಕಾರಕ್ಕೂ ಆಳು ಸಿಗದಂತಾಯಿತು. ಜನರು ಕೊಟ್ಟ ಅರ್ಜಿಯ ವಾದ ಗಟ್ಟಿಯಾಗಿತ್ತು: ಪಿತ್ರಾರ್ಜಿತವಾಗಿಯೋ ಕ್ರಯದಿಂದಲೋ ಬಂದ ವಾಸದ ಮನೆಗಳ ಮೇಲೆ ಹಿಂದಿನ ಯಾವ ಸುಲ್ತಾನರೂ ತೆರಿಗೆಯ ಹಕ್ಕನ್ನು ಸ್ಥಾಪಿಸಿರಲಿಲ್ಲ. ಅಲ್ಲದೆ ಮೊಹಲ್ಲಾಗಳ ಬಾಗಿಲು ಕಾಯುವವರ ವೆಚ್ಚವನ್ನು 'ಫಾಟಕ್‌ಬಂದಿ' ಎಂಬ ಹೆಸರಿನಲ್ಲಿ ಕಾಶಿಯ ನಿವಾಸಿಗಳು ಆಗಲೇ ಭರಿಸುತ್ತಿದ್ದರು. ತಮ್ಮ ಬೀದಿಯ ಕಾವಲಿಗೆ ಕೊಡಲು ಒಪ್ಪಿದ್ದ ಜನವೇ ಏತಕ್ಕೆಂದು ಹೇಳದ ತೆರಿಗೆಯನ್ನು ಒಪ್ಪಲಿಲ್ಲ ಎಂಬುದು ಇಲ್ಲಿ ಮುಖ್ಯ. ಸರಕಾರ ಮೊದಲು ಕೆಲವು ವಿನಾಯಿತಿಗಳನ್ನು ನೀಡಿತು. 1812ರಲ್ಲಿ ತೆರಿಗೆಯನ್ನೇ ರದ್ದುಗೊಳಿಸಿತು. ಈ ಇಡೀ ಪ್ರಸಂಗದ ಕಡತಗಳನ್ನು ಧರಂಪಾಲ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಅಸಹಕಾರವು ಗಾಂಧೀಜಿಗಿಂತ ಮೊದಲೇ ಈ ನಾಡಿಗೆ ಪರಿಚಿತವಾಗಿತ್ತೆಂದು ತೋರಿಸುವುದು ಅವರ ಉದ್ದೇಶ.

ಧರಂಪಾಲರ ಅದೇ ಗ್ರಂಥದಲ್ಲಿ ಕನ್ನಡ ಜಿಲ್ಲೆಯ 1830-31ರ ಪ್ರಸಂಗವೂ ಇದೆ. ಬೆಲೆ ಕುಸಿದ ಕಾಲದಲ್ಲಿ ಭೂಕಂದಾಯದ ಭಾರವನ್ನು ತಾಳಲಾರದೆ ಕರಾವಳಿಯ ರೈತರು 'ಕೂಟ'ಗಳನ್ನು ಸೇರಿಸಿದರು, ಅರ್ಜಿ ಬರೆದರು, ಕಂತು ಕಟ್ಟುವುದನ್ನು ನಿಲ್ಲಿಸಿದರು. ಅದೇ ಸಮಯದಲ್ಲಿ ಘಟ್ಟದ ಮೇಲೆ ನಗರ ಸೀಮೆಯ ರೈತರೂ ಕೂಟ ಸೇರಿದರು. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರರು ಸರಕಾರಕ್ಕೆ ಒಪ್ಪಿಕೊಂಡು, ಅದನ್ನು ಜನರಿಂದ ಹಿಂಡುತ್ತಿದ್ದ 'ಶರತ್ತು' ಪದ್ಧತಿ ಅಲ್ಲಿನ ಅಸಮಾಧಾನದ ಮುಖ್ಯ ಕಾರಣಗಳಲ್ಲಿ ಒಂದು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಲು ಈ ದಂಗೆ ನೆಪವಾಯಿತು. ಇವೆರಡೂ ಹೊಲಗದ್ದೆಗಳ ತೆರಿಗೆಯ ವಿಷಯ, ಮನೆಯದಲ್ಲ. ಆದರೂ 'ಕೂಟ' ಎಂಬ ಪದವನ್ನು ಗಮನಿಸಬೇಕು. ಗುಂಪು, ದೊಂಬಿ ಎನ್ನಲಿಲ್ಲ. ಸೇರಿ ಮಾತಾಡಿ ತೀರ್ಮಾನಿಸುವ ಸಭೆಯ ಹೆಸರನ್ನೇ ಜನ ತಮ್ಮ ಪ್ರತಿಭಟನೆಗೂ ಇಟ್ಟುಕೊಂಡರು.

ಪುರಸಭೆಗಳು ಬಂದಾಗ

ಊರಿನ ಸೇವೆಗಾಗಿಯೇ ತೆರಿಗೆ ಎಂಬ ಆಧುನಿಕ ಕಲ್ಪನೆ ಕಾನೂನಾಗಿ ಬಂದದ್ದು ಆಮೇಲೆ. ಬಂಗಾಳಕ್ಕೆ ಮಾಡಿದ 1842ರ 10ನೆಯ ಕಾಯಿದೆಯ ಪ್ರಕಾರ, ಮನೆವಂದಿಗರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೇಳಿಕೊಂಡರೆ ಮಾತ್ರ ಪಟ್ಟಣದಲ್ಲಿ ಸಮಿತಿ ರಚಿಸಿ ಮನೆ ತೆರಿಗೆ ಹಾಕಬಹುದಿತ್ತು. ಅದು ಜಾರಿಗೆ ಬಂದದ್ದು ಸೆರಾಂಪುರದಲ್ಲಿ ಮಾತ್ರ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಊರೆಂದು ನಮಗೆ ಅದರ ಪರಿಚಯವಿದೆ. ತೆರಿಗೆ ಎತ್ತಲು ಹೋದಾಗ ಅಲ್ಲಿನ ನಿವಾಸಿಗಳು ಕೊಡಲು ನಿರಾಕರಿಸಿದ್ದಲ್ಲದೆ, ಅತಿಕ್ರಮ ಪ್ರವೇಶವೆಂದು ಕಲೆಕ್ಟರನ ಮೇಲೆಯೇ ದಾವೆ ಹೂಡಿದರು!

1850ರ 26ನೆಯ ಕಾಯಿದೆಯೂ ನಿವಾಸಿಗಳ ಇಚ್ಛೆಯನ್ನು ಅವಲಂಬಿಸಿತ್ತು. ಆದರೆ ಅದು ಮನೆ ತೆರಿಗೆಯ ಜೊತೆಗೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕಕ್ಕೂ ಅವಕಾಶ ಕೊಟ್ಟಿತು. ಪರಿಣಾಮವಾಗಿ ಮುಂಬಯಿ ಪ್ರಾಂತದಲ್ಲಿ, ಹುಬ್ಬಳ್ಳಿ ಧಾರವಾಡಗಳೂ ಸೇರಿದಂತೆ, ಪುರಸಭೆಗಳು ಹುಟ್ಟಿದವು. ಬೆಂಗಳೂರಿನ ಪುರಸಭೆ ಆರಂಭವಾದದ್ದು 1862ರಲ್ಲಿ. ಒಂದು ಕಾಯಿದೆ ಸೋತು ಮತ್ತೊಂದು ಗೆಲ್ಲಲು ಈ ಸುಂಕವೇ ಬಹುಪಾಲು ಕಾರಣ. ಮನೆ ಕಂದಾಯವನ್ನು ಕೈಯಾರೆ ಎಣಿಸಿ ಕೊಡಬೇಕು. ಸುಂಕವಾದರೋ ಅಕ್ಕಿ ಬೆಲ್ಲದ ಬೆಲೆಯೊಳಗೆ ಸೇರಿಹೋಗುತ್ತದೆ, ಕೊಟ್ಟವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ. ನಾಕಾಗಳಲ್ಲಿ ವಸೂಲಾಗುತ್ತಿದ್ದ ಈ 'ಆಕ್ಟ್ರಾಯ್' ಕರ್ನಾಟಕದಲ್ಲಿ 1979ರವರೆಗೂ ಉಳಿದಿತ್ತು. ಬಡವನ ಊಟದ ಮೇಲೆ ಬೀಳುವ ಸುಂಕವನ್ನು ಸಹಿಸಿ, ಉಳ್ಳವನ ಕಟ್ಟಡದ ಮೇಲೆ ಬೀಳುವ ಕಂದಾಯವನ್ನು ವಿರೋಧಿಸಿದ ಪಟ್ಟಣದ ಅಭಿಪ್ರಾಯವನ್ನು ಜನಾಭಿಪ್ರಾಯವೆಂದು ಕರೆಯುವಾಗ ಸ್ವಲ್ಪ ಎಚ್ಚರ ಬೇಕು. ಪುರಸಭೆಯಲ್ಲಿ ಕುಳಿತವರು, ಪತ್ರಿಕೆಗಳಿಗೆ ಬರೆದವರು ಹೆಚ್ಚಾಗಿ ಮನೆಗಳ ಒಡೆಯರೇ. ಬಾಡಿಗೆದಾರನ, ಗುಡಿಸಿಲಿನವನ ಮಾತು ಈ ದಾಖಲೆಗಳಲ್ಲಿ ಕೇಳಿಸುವುದು ಅಪರೂಪ.

ಸೇವೆ ಕಣ್ಣಿಗೆ ಕಂಡಾಗ ಅಭಿಪ್ರಾಯ ಬದಲಾಗುತ್ತದೆ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಬೆಂಗಳೂರಿಗೆ ಬಂತು. 1898ರ ಪ್ಲೇಗಿನ ಭೀಕರತೆಯ ನಂತರ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ ಇವುಗಳೊಡನೆ ಬೆಳೆದವು. ಚರಂಡಿ ಮತ್ತು ಸಾವಿನ ನಡುವಣ ಸಂಬಂಧವನ್ನು ಊರಿಗೆ ಊರೇ ಅರಿತುಕೊಂಡದ್ದು ಹೀಗೆ. ಯಾವ ಪ್ರಚಾರವೂ ಕಲಿಸಲಾರದ ಪಾಠವದು.

ಚಲನ್ನಿನ ಸಾಲುಗಳು

ನಮ್ಮ ಕಾಲದಲ್ಲಿ ಅಳತೆಯ ಪ್ರಶ್ನೆಗೆ ಒಂದು ದೊಡ್ಡ ಉತ್ತರ ದೊರೆತದ್ದು 2000ದಲ್ಲಿ. ಬೆಂಗಳೂರು ಮಹಾನಗರ ಪಾಲಿಕೆಯು ಆಸ್ತಿ ತೆರಿಗೆಯ ಸ್ವಯಂ ಘೋಷಣೆಯನ್ನು ಜಾರಿಗೆ ತಂದಿತು. ಅದುವರೆಗೆ ಅಧಿಕಾರಿ ಬಂದು ನೋಡಿ ನಿಗದಿಪಡಿಸಿದ್ದೇ ತೆರಿಗೆ. ಅದರ ಹಿಂದಿನ ಲೆಕ್ಕ ಮನೆಯವನಿಗೆ ತಿಳಿಯದು, ಚೌಕಾಸಿಗೂ ಲಂಚಕ್ಕೂ ದಾರಿ ಧಾರಾಳ. ಈಗ ಮನೆಯ ವಿಸ್ತೀರ್ಣ, ಕಟ್ಟಡದ ಬಗೆ, ಪ್ರದೇಶ ಇವುಗಳನ್ನು ನೋಡಿ ಮನೆಯವನೇ ಲೆಕ್ಕ ಮಾಡಿ ಕಟ್ಟಬಹುದಾಯಿತು. ಪಾಲಿಕೆಯ ಆದಾಯ ಏರಿತು. ರಾಜ್ಯದ ಉಳಿದ ಪಟ್ಟಣಗಳಿಗೂ ಸ್ವಯಂ ಘೋಷಣೆ ಹಬ್ಬಿತು. ಬೆಂಗಳೂರಿನಲ್ಲಿ 2008ರಿಂದ ಚದರಡಿಗೆ ಇಷ್ಟೆಂಬ ದರದ ಪದ್ಧತಿ ಬಂತು. ಬಾಗಿಲಿನಿಂದ ಚದರಡಿಗೆ ಬಂದರೂ ತತ್ತ್ವ 1368ರದೇ: ತೆರುವವನಿಗೆ ತನ್ನ ಪಾಲು ತಿಳಿದಿರಬೇಕು.

ಆದರೆ ಫಲ ಮತ್ತು ಹೊಣೆ? ಇದಕ್ಕೆ ನಮ್ಮ ಓದುಗರಿಗೆ ಹತ್ತಿರವಾದ ಒಂದು ಉದಾಹರಣೆ ಸಾಕು. ಆಸ್ತಿ ತೆರಿಗೆಯ ಚಲನ್ನಿನಲ್ಲಿ ಮೂಲ ತೆರಿಗೆಯ ಕೆಳಗೆ ಕೆಲವು ಉಪಕರಗಳ ಸಾಲುಗಳಿರುತ್ತವೆ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅನ್ವಯ, ಮನೆಯ ತೆರಿಗೆಯ ಪ್ರತಿ ರೂಪಾಯಿಯ ಜೊತೆಗೆ ಪುಸ್ತಕಕ್ಕೆಂದು ಒಂದು ಪಾಲು ಸಲ್ಲುತ್ತದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳು ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆಯೇ. ಕನ್ನಡ ಪುಸ್ತಕಗಳ ಸಗಟು ಖರೀದಿಯ ಹಿಂದೆ ಊರೂರಿನ ಮನೆಯವರ ಆರಾರು ಪೈಸೆಗಳಿವೆ. ಆದರೂ ವಸೂಲಿ ಮಾಡಿದ ಈ ಉಪಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ವರ್ಗಾಯಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಯವನು ಕೊಟ್ಟಿದ್ದಾನೆ, ಪುಸ್ತಕ ಕಪಾಟಿಗೆ ಬಂದಿಲ್ಲ. ನಡುವೆ ತಾತಯ್ಯನಂತೆ ಹೆಸರಿಟ್ಟು ಕೇಳಬಹುದಾದ ವ್ಯಕ್ತಿ ಯಾರೂ ಇಲ್ಲ.

ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5ರ ರಿಯಾಯಿತಿಯಿರುವುದರಿಂದ ಆ ತಿಂಗಳಲ್ಲಿ ಸಾಲು ಉದ್ದವಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು, ನಮ್ಮ ಬೀದಿಯವರೇ, ಹಿಂತಿರುಗಿ ನೋಡಿ ಹೇಳಿದರು: "ಮೇಷ್ಟ್ರೇ, ಕಟ್ಟೋದಕ್ಕೆ ನನಗೇನೂ ಬೇಜಾರಿಲ್ಲ. ನಮ್ಮ ಬೀದಿ ಮೋರಿ ಯಾವಾಗ ಮಾಡ್ತಾರೆ ಅಂತ ಯಾರನ್ನ ಕೇಳಬೇಕು, ಅಷ್ಟು ಹೇಳಿ." ನನಗೆ ಉತ್ತರ ತಿಳಿದಿರಲಿಲ್ಲ. ಕಿಟಕಿಯಾಚೆಗಿನ ಗುಮಾಸ್ತನಿಗೂ ತಿಳಿದಿರಲಿಲ್ಲ. ಅವನ ಕೆಲಸ ಹಣ ಪಡೆದು ರಸೀದಿ ಕೊಡುವುದು. ಶಾಸನಗಳನ್ನು ಪಾಠ ಮಾಡುವ ನಾನು ಬಿನ್ನಹ ಎಂಬ ಪದವನ್ನು ಎಷ್ಟೋ ಬಾರಿ ವಿವರಿಸಿದ್ದೇನೆ. ಆ ದಿನ ಬಿನ್ನಹ ನನ್ನ ಎದುರಿಗೇ ನಿಂತಿತ್ತು, ಅದನ್ನು ಕೇಳಿಸಿಕೊಳ್ಳುವ ಆಸ್ಥಾನ ಮಾತ್ರ ಕಾಣಲಿಲ್ಲ.

ಕಾನೂನಿನ ಪ್ರಕಾರ ಅಂಥ ಜಾಗ ಇಲ್ಲದಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮಸಭೆಯಿದೆ. ಸಂವಿಧಾನದ 74ನೆಯ ತಿದ್ದುಪಡಿಯಂತೆ 3 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ಕಾಶಿಯ ಬಯಲಿನಲ್ಲಿ ಕುಳಿತವರಿಗೂ, ಕನ್ನಡ ಜಿಲ್ಲೆಯಲ್ಲಿ ಕೂಟ ಸೇರಿದವರಿಗೂ ಇಲ್ಲದಿದ್ದ ಅಧಿಕೃತ ಕೂಟಗಳು ಇವು. ಅವು ಕಾಲಕಾಲಕ್ಕೆ ಸೇರುವುದಿಲ್ಲವೆಂಬುದು ಒಂದು ದೂರು. ಸೇರಿದಾಗ ನಾವು ಹೋಗುವುದಿಲ್ಲವೆಂಬುದು ಮತ್ತೊಂದು. ಎರಡನೆಯ ದೂರಿನಲ್ಲಿ ನನ್ನ ಪಾಲೂ ಇದೆ.

ಜನರು ತೆರಿಗೆಯನ್ನು ದ್ವೇಷಿಸುತ್ತಾರೆ ಎಂಬುದು ಆಡಳಿತಗಾರರ ಹಳೆಯ ನಂಬಿಕೆ. ಮೇಲಿನ ಪ್ರಸಂಗಗಳು ಹಾಗೆ ಹೇಳುವುದಿಲ್ಲ. ಫಾಟಕ್‌ಬಂದಿಗೆ ಕೊಟ್ಟರು, ಬೆಳಗೊಳದ ಕಾವಲಿಗೆ ಕೊಡಲು ಒಪ್ಪಿದರು, ಸ್ವಯಂ ಘೋಷಣೆ ಬಂದಾಗ ಸಾಲಿನಲ್ಲಿ ನಿಂತು ಕೊಟ್ಟರು. ಎಷ್ಟು, ಏತಕ್ಕೆ, ಯಾರನ್ನು ಕೇಳಬೇಕು ಎಂಬ ಮೂರಕ್ಕೂ ಉತ್ತರವಿದ್ದಲ್ಲಿ ಕೊಟ್ಟಿದ್ದಾರೆ; ಇಲ್ಲದಲ್ಲಿ ಕುಳಿತಿದ್ದಾರೆ. ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಸೂಚನೆ: ದಾನಶಾಸನಗಳನ್ನು ಓದುವಾಗ ದಾನ ಕೊಟ್ಟವನ ಬಿರುದುಗಳಲ್ಲಿ ನಿಲ್ಲದೆ, ಕೆಳಗೆ ಬರುವ ತೆರಿಗೆಗಳ ಪಟ್ಟಿಯನ್ನೂ ಬಿನ್ನಹ ಮಾಡಿದವರ ಹೆಸರುಗಳನ್ನೂ ಬೇರೆಯಾಗಿ ಬರೆದುಕೊಳ್ಳಿ. ನಮ್ಮ ಪುರಸಭೆಗಳ ಹಳೆಯ ನಡವಳಿ ಪುಸ್ತಕಗಳು ಗೆದ್ದಲು ಹಿಡಿಯುವ ಮೊದಲು ಅವುಗಳನ್ನೂ ನೋಡಿ. ಸಾಮಾನ್ಯ ಮನೆಯವನೊಬ್ಬ ಪ್ರಭುತ್ವದೊಡನೆ ಆಡಿದ ಮಾತು ಉಳಿದಿದ್ದರೆ ಅದು ಅಲ್ಲಿಯೇ ಉಳಿದಿರಬೇಕು.

ನಮ್ಮ ಬೀದಿಯ ಮೋರಿ ಇನ್ನೂ ಆಗಿಲ್ಲ. ಈ ವರ್ಷದ ಕಂದಾಯವನ್ನು ಏಪ್ರಿಲ್ ತಿಂಗಳಲ್ಲಿಯೇ ಕಟ್ಟಿದ್ದೇನೆ. ರಸೀದಿಯ ಜೊತೆಗೆ ಒಂದು ಅರ್ಜಿಯನ್ನೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ.